ಸಾಹೇಬರ ಹದಿಮೂರು ಜನರ ಆಟ

ಕಟಪಾಡಿ ಪೇಟೆಯಲ್ಲಿ ಸೈಕಲ್ ಬಾಡಿಗೆಯ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಬ್ಯಾರಿ ಸಾಹೇಬರು ನಮ್ಮ ಕರಾವಳಿಗೆ ರಗ್ಬಿ ಲೀಗ್ ಎಂಬ ಆಟವನ್ನು ತರಲು ಹೆಣಗಿದರು ಎಂದು ಹೇಳಿದರೆ ಜನ ಈಗ ನಗುತ್ತಾರೆ. ಆಗಲೂ ನಕ್ಕಿದ್ದರು. ಮೊದಲು ನಾನೂ ನಕ್ಕವನೇ. ಆದರೆ ಆ ಆಟ ಆಡಿ ಒಂದು ಹಲ್ಲು ಕಳೆದುಕೊಂಡು, ಕೊನೆಗೆ ಆ ಮನುಷ್ಯನ ಹಾಸಿಗೆಯ ಪಕ್ಕದಲ್ಲಿ ಕುಳಿತು ಬಂದವನಿಗೆ ಈಗ ಆ ನಗು ಕೇಳಿದರೆ ಮೈ ಉರಿಯುತ್ತದೆ.

ಸಾಹೇಬರ ಮನೆ ಕಾಪುವಿನಲ್ಲಿ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಓಡಿ, ಹಡಗಿನಲ್ಲಿ ಖಲಾಸಿಯಾಗಿ, ಇಂಗ್ಲೆಂಡಿನ ಉತ್ತರದ ಒಂದು ಉಣ್ಣೆ ಗಿರಣಿಯ ಊರಿನಲ್ಲಿ ನೆಲೆ ನಿಂತು ಬಹಳ ವರ್ಷ ದುಡಿದವರು. ಎಪ್ಪತ್ತರ ದಶಕದ ಮೊದಲಲ್ಲಿ ಊರಿಗೆ ಮರಳಿದರು. ಪರದೇಶದಿಂದ ಬಂದವರು ಟೇಪ್ ರೆಕಾರ್ಡರ್, ಸೆಂಟು, ಕಂಬಳಿ ತರುವುದು ವಾಡಿಕೆ. ಇವರು ತಂದದ್ದು ಮುರಿದು ಸೊಟ್ಟಗಾದ ಒಂದು ಮೂಗು ಮತ್ತು ಎರಡೂ ತುದಿ ಚೂಪಾದ ಒಂದು ಚರ್ಮದ ಚೆಂಡು. ಅವರ ಹೆಂಡತಿ ಆ ಚೆಂಡನ್ನು ನೋಡಿ ತಲೆ ಚಚ್ಚಿಕೊಂಡರಂತೆ. ಅದನ್ನು ಸಾಹೇಬರೇ ಹೆಮ್ಮೆಯಿಂದ ಹೇಳುತ್ತಿದ್ದರು.

ರಗ್ಬಿಯಲ್ಲಿ ಎರಡು ಬಗೆ ಇದೆ ಎಂಬುದು ನನಗೆ ಗೊತ್ತಾದದ್ದು ಅವರಿಂದ. ಹದಿನೈದು ಜನರದ್ದು ಒಂದು, ಅದು ದೊಡ್ಡ ಕಾಲೇಜಿನವರ ಆಟ. ಹದಿಮೂರು ಜನರದ್ದು ಇನ್ನೊಂದು, ಗಿರಣಿಯವರದ್ದು, ಗಣಿಯವರದ್ದು. ಸಾಹೇಬರದ್ದು ಎರಡನೆಯದು. ಇಂಗ್ಲೆಂಡಿನ ಉತ್ತರದ ಕೆಲವು ಊರು, ಆಸ್ಟ್ರೇಲಿಯಾದ ಒಂದು ಬದಿ, ನ್ಯೂಜಿಲೆಂಡ್, ಫ್ರಾನ್ಸಿನ ಒಂದು ಮೂಲೆ, ಪಾಪುವಾ ನ್ಯೂಗಿನಿ, ಅಷ್ಟರಲ್ಲೇ ಅದರ ಲೋಕ ಮುಗಿಯುತ್ತಿತ್ತು. "ನಾಲ್ಕೈದು ಮನೆಯವರು ತಮ್ಮೊಳಗೇ ಹೆಣ್ಣು ಕೊಟ್ಟು ತಂದು ಮಾಡಿದ ಹಾಗೆ ಆಗಿದೆ ಮಾರಾಯ. ಹೊಸ ನೆಂಟಸ್ತಿಕೆ ಆಗದಿದ್ರೆ ವಂಶ ಉಳಿಯುವುದುಂಟಾ?" ಎನ್ನುತ್ತಿದ್ದರು. ಆ ಹೊಸ ನೆಂಟಸ್ತಿಕೆ ಕಾಪು, ಕಾರ್ಕಳದಲ್ಲಿ ಆಗಬೇಕೆಂದು ಅವರಿಗೆ ಏಕೆ ಅನಿಸಿತೋ ದೇವರೇ ಬಲ್ಲ.

ನಾನು ಉಡುಪಿಯ ಕಡಿಯಾಳಿಯವನು. ಆಗ ತಾನೇ ಕಾರ್ಕಳದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ್ದೆ. ಸಂಜೆ ಕಬಡ್ಡಿ, ಆದಿತ್ಯವಾರ ಕಬಡ್ಡಿ, ಕನಸಿನಲ್ಲಿಯೂ ಕಬಡ್ಡಿ. ನನ್ನ ತಂಡದ ಹುಲಿ ಎಂದರೆ ಒಬ್ಬ ಬಸ್ ಕಂಡಕ್ಟರ್. ಕಾರ್ಕಳದಿಂದ ಉಡುಪಿಗೆ ಬಂದು, ಕಟಪಾಡಿಯವರೆಗೆ ಹೋಗಿ ಹಿಂದೆ ಹೊರಳುವ ಖಾಸಗಿ ಬಸ್ಸು ಅವನದ್ದು. ಎದುರಾಳಿಯ ಅಂಗಳಕ್ಕೆ ಹೋದರೆ ನಾಲ್ಕು ಜನ ಹಿಡಿದು ಮಲಗಿಸಿದರೂ ಹಾವಿನಂತೆ ನುಸುಳಿ, ಕೊನೆಯ ಉಸಿರಿನಲ್ಲಿ ಬೆರಳ ತುದಿಯಿಂದ ಮಧ್ಯಗೆರೆ ಮುಟ್ಟುವವನು. ಹಾಗೆ ಮುಟ್ಟಿದರೆ ಕಬಡ್ಡಿಯಲ್ಲಿ ಹಿಡಿದವರೆಲ್ಲ ಔಟ್. ಅವನು ಮಣ್ಣಿನಲ್ಲಿ ಕೈ ಚಾಚಿದನೆಂದರೆ ಜನ ಎದ್ದು ನಿಲ್ಲುತ್ತಿದ್ದರು.

ಕಟಪಾಡಿಯಲ್ಲಿ ಬಸ್ಸು ಹೊರಳುವ ಹೊತ್ತಿನಲ್ಲಿ ಕಂಡಕ್ಟರ್ ಚಹಾ ಕುಡಿಯುತ್ತಿದ್ದದ್ದು ಸಾಹೇಬರ ಅಂಗಡಿಯ ಪಕ್ಕ. ಸಾಹೇಬರು ಸೈಕಲ್ ಪಂಪಿನಿಂದ ಆ ವಿಚಿತ್ರ ಚೆಂಡಿಗೆ ಗಾಳಿ ಹಾಕುವುದನ್ನು ನೋಡಿ ಇವನು ಕೇಳಿದ, ಅವರು ಹೇಳಿದರು, ಅಲ್ಲಿಗೆ ಗಾಳಕ್ಕೆ ಮೀನು ಬಿತ್ತು. ಮುಂದಿನ ಆದಿತ್ಯವಾರ ನನ್ನನ್ನೂ ಎಳೆದುಕೊಂಡು ಕಾಪುವಿನ ಕಡಲ ಬದಿಗೆ ಹೋದ. ಅಲ್ಲಿ ದೀಪಸ್ತಂಭದ ಆಚೆ ಮರಳಿನಲ್ಲಿ ಹತ್ತು ಹನ್ನೆರಡು ಜನ ಓಡುತ್ತಿದ್ದರು. ಇದ್ದದ್ದು ಒಂದೇ ಚೆಂಡು, ಅದು ಹಾಳಾದರೆ ಆಟವೇ ಹೋದ ಹಾಗೆ. ಆದ್ದರಿಂದ ಅಭ್ಯಾಸವೆಲ್ಲ ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಯಲ್ಲಿ. ಆಕಾರ ಸರಿಯಾಗಿಯೇ ಇತ್ತು. ನನ್ನ ಹಲ್ಲು ಹೋದದ್ದು ಅದರಿಂದಲೇ.

ಆಟದ ಲೆಕ್ಕ ಸರಳ. ಚೆಂಡನ್ನು ಎದೆಗವಚಿ ಓಡಬೇಕು, ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬೇಕು, ಎದುರಾಳಿಯ ಗೆರೆಯ ಮೇಲೆ ಇಲ್ಲವೇ ಅದರಾಚೆ ನೆಲಕ್ಕೆ ಒತ್ತಿದರೆ ಅಂಕ. ಅದಕ್ಕೆ ಟ್ರೈ ಎನ್ನುತ್ತಾರೆ. ಹಿಡಿದು ಬೀಳಿಸಿದರೆ ಬಿದ್ದವನು ಎದ್ದು, ಚೆಂಡನ್ನು ನೆಲದಲ್ಲಿಟ್ಟು ಕಾಲಿನಿಂದ ಹಿಂದೆ ಉರುಳಿಸಬೇಕು. ಹಿಂದೆ ನಿಂತವನು ಎತ್ತಿಕೊಂಡು ಆಟ ಮುಂದುವರಿಸುತ್ತಾನೆ. ಹೀಗೆ ಒಂದು ತಂಡ ಆರು ಸಲ ಹಿಡಿಸಿಕೊಳ್ಳಬಹುದು. ನಮ್ಮ ತಂಡದಲ್ಲಿ ಹಿಂದೆ ನಿಂತು ಎತ್ತುವ ಕೆಲಸ ನನಗೆ ಸಿಕ್ಕಿತು.

ಆದರೆ ಕಬಡ್ಡಿಯಲ್ಲಿ ಬೆಳೆದ ನಮಗೆ ಬಿದ್ದ ಮೇಲೂ ಆಟವಿದೆ ಎಂಬುದು ತಲೆಗೆ ಹೋಗುತ್ತಿರಲಿಲ್ಲ. ಹಿಡಿದು ಬೀಳಿಸಿದ ಕೂಡಲೇ ನಮ್ಮ ಹುಡುಗರು ಮೈಯ ಮರಳು ಕೊಡವಿಕೊಂಡು, ತಲೆ ತಗ್ಗಿಸಿ, ಮರ್ಯಾದೆಯಿಂದ ಅಂಗಳದ ಹೊರಗೆ ಹೋಗಿ ಸಾಲಾಗಿ ಕುಳಿತುಬಿಡುತ್ತಿದ್ದರು. ಚೆಂಡು ನಡುವೆ ಅನಾಥವಾಗಿ ಬಿದ್ದಿರುತ್ತಿತ್ತು.

"ಎಲ್ಲಿಗೆ ಹೋಗುದು? ಏಯ್, ಎಲ್ಲಿಗೆ ಹೋಗುದು ನೀವೆಲ್ಲ?" ಎಂದು ಸಾಹೇಬರು ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬರುತ್ತಿದ್ದರು. "ಬಿದ್ದದ್ದಷ್ಟೇ ಮಾರಾಯ, ಸತ್ತಿಲ್ಲ! ಏಳು!"

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಭ್ಯಾಸ ಬಿಟ್ಟುಹೋಯಿತು. ಕಬಡ್ಡಿಯ ಇನ್ನೊಂದು ಅಭ್ಯಾಸ ನಮ್ಮ ಕೈಯಲ್ಲಿ ಹಾಗೆಯೇ ಉಳಿದಿತ್ತು. ಅದು ಯಾರಿಗೂ ಹೊಳೆಯಲಿಲ್ಲ, ಸಾಹೇಬರಿಗೂ.

ತಂಡ ಕಟ್ಟುವುದು ಹೇಗೆಂದು ಅವರನ್ನು ನೋಡಿ ಕಲಿಯಬೇಕು. ಕಾಪುವಿನಲ್ಲಿ ಅಂಗಡಿಯವರ ಮಕ್ಕಳನ್ನೂ ಮೀನುಗಾರಿಕೆಯ ಹುಡುಗರನ್ನೂ ಸೇರಿಸಿ ಒಂದು ತಂಡ. ಉಡುಪಿಯಲ್ಲಿ ಬ್ಯಾಂಕಿನವರದ್ದು, ಮೇಷ್ಟ್ರುಗಳದ್ದು ಒಂದು. ಕಾರ್ಕಳದಲ್ಲಿ ನಮ್ಮ ಕಬಡ್ಡಿ ತಂಡವೇ ಹೆಸರು ಬದಲಿಸಿಕೊಂಡಿತು. ನಾಲ್ಕನೆಯದಕ್ಕೆ ಮಣಿಪಾಲದ ಗುಡ್ಡ ಹತ್ತಿ, ಅಲ್ಲಿ ಡಾಕ್ಟರಿಕೆ ಓದಲು ಮಲೇಶಿಯಾದಿಂದ ಬಂದಿದ್ದ ಹುಡುಗರನ್ನು ಹಿಡಿದರು. ಆ ಹುಡುಗರಿಗೆ ರಗ್ಬಿ ಗೊತ್ತಿತ್ತು, ಆದರೆ ಹದಿನೈದು ಜನರದ್ದು. "ಅಂಕಲ್, ನಿಜವಾದ ರಗ್ಬಿ ನಮ್ಮದು" ಎಂದು ಅವರು ಹೇಳಿದಾಗಲೆಲ್ಲ ಸಾಹೇಬರ ಸೊಟ್ಟ ಮೂಗು ಕೆಂಪಾಗುತ್ತಿತ್ತು. ಏಳು ಸಮುದ್ರ ದಾಟಿ ಬಂದರೂ ಚೆಂಡಿಗೂ ಜಾತಿ ತಪ್ಪಲಿಲ್ಲವಲ್ಲ ಎಂದು ನಾನು ಅವರನ್ನು ಕೆಣಕುತ್ತಿದ್ದೆ.

ನಾಲ್ಕು ತಂಡ ಏಕೆ ಬೇಕಿತ್ತು ಎಂದರೆ ಸಾಹೇಬರೊಟ್ಟಿಗೆ ಗಿರಣಿಯಲ್ಲಿದ್ದ ಒಬ್ಬ ಇಂಗ್ಲಿಷಿನವರು ಈಗ ಆ ಆಟದ ದೊಡ್ಡ ಕಚೇರಿಯಲ್ಲಿ ಸಣ್ಣದೊಂದು ಕೆಲಸದಲ್ಲಿದ್ದರು. ಹೊಸ ದೇಶಗಳಲ್ಲಿ ಆಟ ಬೆಳೆಸಬೇಕೆಂಬ ಹುಚ್ಚು ಅವರಿಗೂ ಇತ್ತು. ನಾಲ್ಕು ತಂಡಗಳು ಒಂದು ಇಡೀ ವರ್ಷ ಮುರಿಯದೆ ಆಡಿದರೆ ಒಬ್ಬ ಕೋಚನ್ನು ಕಳಿಸುತ್ತೇವೆ, ಚೆಂಡುಗಳನ್ನು ಕಳಿಸುತ್ತೇವೆ, ಯುರೋಪಿಗೆ ಹೋಗುವ ಒಂದು ದೇಶದ ತಂಡವನ್ನು ದಾರಿಯಲ್ಲಿ ಇಲ್ಲಿ ಇಳಿಸಿ ನಿಮ್ಮೊಟ್ಟಿಗೆ ಒಂದು ಪಂದ್ಯ ಆಡಿಸುತ್ತೇವೆ ಎಂದು ಅವರು ಮಾತು ಕೊಟ್ಟಿದ್ದರು. ಸಾಹೇಬರಿಗೆ ಬೇಕಾದದ್ದು ಅದೊಂದೇ ಪಂದ್ಯ. "ಅಂಗಿಯ ಬೆನ್ನಿಗೆ ಇಂಡಿಯಾ ಅಂತ ಬರೆದು ಹದಿಮೂರು ಜನ ಇಳಿಯುದು ನೋಡಬೇಕು. ಸೋತರೆ ಎಂತ? ಎಪ್ಪತ್ತು ಪಾಯಿಂಟಿನಲ್ಲಿ ಸೋಲಲಿ!" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಧ್ವನಿ ಗದ್ಗದವಾಗುತ್ತಿತ್ತು. ನಾವು ಬೇರೆ ಕಡೆ ನೋಡುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಆ ಇಂಗ್ಲಿಷಿನವರು ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಬೊಂಬಾಯಿಯಲ್ಲಿಳಿದು, ನಮ್ಮನ್ನು ನೋಡಲೆಂದೇ ಇಲ್ಲಿಯವರೆಗೆ ಬಂದರು. ಅವತ್ತು ಉಡುಪಿಯ ಒಂದು ಮೈದಾನದಲ್ಲಿ ಕಾಪುವಿಗೂ ನಮಗೂ ಪಂದ್ಯ. ಸಾಹೇಬರೇ ರೆಫರಿ, ಏಕೆಂದರೆ ನಮ್ಮಲ್ಲಿ ನಿಯಮ ಪೂರ್ತಿ ಗೊತ್ತಿದ್ದವರು ಅವರೊಬ್ಬರೇ. ಸುಣ್ಣದ ಗೆರೆಯನ್ನು ಬೆಳಿಗ್ಗೆ ಅವರೇ ಕೈಯಾರೆ ಹಾಕಿದ್ದರು. ಜನ ಚೆನ್ನಾಗಿ ಸೇರಿದ್ದರು. ಕಾರ್ಕಳದಿಂದ ಕಂಡಕ್ಟರನ ಬಸ್ಸಿನಲ್ಲೇ ಒಂದು ಲೋಡು ಜನ ಬಂದಿದ್ದರು, ಅವನ ತಾಯಿಯೂ ಬಂದಿದ್ದರು. ಕೊಡೆಯ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದ ಆ ಇಂಗ್ಲಿಷಿನವರು ಬೊಂಡದ ನೀರು ಕುಡಿಯುತ್ತ, ಪ್ರತಿ ಹಿಡಿತಕ್ಕೂ ತೊಡೆ ತಟ್ಟುತ್ತಿದ್ದರು. ಇಷ್ಟು ಚೆನ್ನಾಗಿ ಹಿಡಿದು ಬೀಳಿಸುವುದನ್ನು ಎಲ್ಲಿ ಕಲಿತರು ಎಂದು ಪಕ್ಕದವರನ್ನು ಕೇಳಿದರಂತೆ.

ಆಟ ಮುಗಿಯುವ ಹೊತ್ತಿಗೆ ಕಾಪು ಒಂದೇ ಒಂದು ಅಂಕದಿಂದ ಮುಂದಿತ್ತು. ಆಗ ಕಂಡಕ್ಟರ್ ಚೆಂಡು ಹಿಡಿದು ಎಡಗಡೆಯಿಂದ ನುಗ್ಗಿದ. ಒಬ್ಬನನ್ನು ದಾಟಿದ, ಇಬ್ಬರನ್ನು ಎಳೆದುಕೊಂಡೇ ಓಡಿದ, ಮೂರನೆಯವನು ಕಾಲಿಗೆ ಬಿದ್ದಾಗ ಧೊಪ್ಪನೆ ಉರುಳಿದ. ಗೆರೆಗೆ ಒಂದು ಮೊಳ ಬಾಕಿ. ನಾನು ಅವನ ಹಿಂದೆಯೇ ಬಾಗಿ ನಿಂತಿದ್ದೆ. ಅವನು ಏಳಲಿಲ್ಲ. ಮೂರು ಜನರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮಣ್ಣಿನಲ್ಲಿ ಒಮ್ಮೆ ತೆವಳಿ, ಚೆಂಡಿದ್ದ ಕೈಯನ್ನು ಉದ್ದಕ್ಕೆ ಚಾಚಿ, ಗೆರೆಯ ಮೇಲೆ ಒತ್ತಿದ. ಮೈದಾನವೆಲ್ಲ ಎದ್ದು ಕುಣಿಯಿತು. ಅವನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಸಾಹೇಬರು ಸೀಟಿ ಊದಿದರು. ಎರಡೂ ಕೈ ಅಡ್ಡ ಆಡಿಸಿದರು. "ಇಲ್ಲ."

ಹಿಡಿದು ಬೀಳಿಸಿದ ಮೇಲೆ ಎರಡನೆಯ ಸಲ ಕೈ ಚಾಚಿ ಗೆರೆ ಮುಟ್ಟುವಂತಿಲ್ಲ ಎಂಬುದು ಆ ಆಟದ ನಿಯಮ. ನಮಗೆ ಅದು ಗೊತ್ತಿರಲಿಲ್ಲ. ಆ ಇಂಗ್ಲಿಷಿನವರನ್ನು ಬಿಟ್ಟರೆ ನೋಡಲು ಬಂದ ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಇಡೀ ಸೀಮೆಯಲ್ಲಿ ಬಿದ್ದವನು ಕೈ ಚಾಚಿ ಗೆರೆ ಮುಟ್ಟುವುದೇ ಗಂಡಸುತನ. ಕಂಡಕ್ಟರ್ ಎದ್ದು ನಿಂತು, ಸುಣ್ಣ ಮೆತ್ತಿದ ಅಂಗೈಯನ್ನು ಜನರ ಕಡೆ ಎತ್ತಿ ತೋರಿಸಿದ. "ನೋಡಿ! ಸುಣ್ಣ ಉಂಟಾ ಇಲ್ವಾ? ನೋಡಿ!"

ಸಾಹೇಬರು ಆ ಕೈಯನ್ನು ನೋಡಲಿಲ್ಲ. "ಇಲ್ಲ ಅಂದ್ರೆ ಇಲ್ಲ. ಚೆಂಡು ಕಾಪುವಿಗೆ" ಎಂದರು.

"ಅವರ ಊರಿನ ತಂಡ ಅಲ್ವಾ! ಹಾಗೇ ಹೇಳುದು!" ಎಂದು ಗೆರೆಯ ಆಚೆಯಿಂದ ಯಾರೋ ಕೂಗಿದರು. ಅಲ್ಲಿಂದ ಇನ್ನೂ ಕೆಟ್ಟ ಮಾತುಗಳು ಬಂದವು, ಅವನ್ನು ಬರೆಯಲು ನನಗೆ ಮನಸ್ಸಿಲ್ಲ. ಕಂಡಕ್ಟರ್ ಚೆಂಡನ್ನು ನೆಲಕ್ಕೆ ಹಾಕಿ, ತಾಯಿಯ ಕೈ ಹಿಡಿದು ಬಸ್ಸಿನ ಕಡೆ ನಡೆದ. ಅವನ ಹಿಂದೆ ನಮ್ಮ ತಂಡ, ತಂಡದ ಹಿಂದೆ ಕಾರ್ಕಳದ ಜನ. ನಮ್ಮ ಕಡೆಯವರಲ್ಲಿ ನಾನೂ ಮತ್ತೊಬ್ಬನೂ ಮಾತ್ರ ಮೈದಾನದಲ್ಲಿ ಉಳಿದೆವು. ಇಂಗ್ಲಿಷಿನವರು, ಹೋದವರೆಲ್ಲ ಯಾವಾಗ ಹಿಂದೆ ಬರುತ್ತಾರೆ ಎಂದು ಕೇಳಿದರು. "ಈಗ ಬರ್ತಾರೆ, ಈಗ ಬರ್ತಾರೆ" ಎಂದು ಸಾಹೇಬರು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದರು. ಬಸ್ಸು ಹೊರಟ ಸದ್ದು ಎಲ್ಲರಿಗೂ ಕೇಳಿತು.

ಆ ಇಂಗ್ಲಿಷಿನ ಮನುಷ್ಯ ಒಳ್ಳೆಯವರು. ಹೊರಡುವಾಗ ಸಾಹೇಬರ ಹೆಗಲ ಮೇಲೆ ಕೈ ಇಟ್ಟು, ಬಿಟ್ಟುಹೋದ ತಂಡ ಮತ್ತೆ ಬಂದರೆ ಒಂದು ಮಾತು ತಿಳಿಸು, ನನ್ನ ಮಾತು ನಾನು ಉಳಿಸಿಕೊಳ್ಳುತ್ತೇನೆ ಎಂದರು. ಮೂರು ತಂಡ ಸಾಲದು, ಅದು ಅವರ ಕೈಯಲ್ಲಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ನಾನು ಸಾಹೇಬರ ಅಂಗಡಿಗೆ ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದೆ. "ಒಂದೇ ಒಂದು ಸಲ ಕಣ್ಣು ಮುಚ್ಚಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾಹೇಬ್ರೆ? ಇಷ್ಟು ವರ್ಷದ ಕೆಲಸ ಒಂದು ಸೀಟಿಯಲ್ಲಿ ನೀರಿಗೆ ಹಾಕಿದಿರಲ್ಲ!"

ಅವರು ಒಂದು ಟ್ಯೂಬಿಗೆ ಪಂಚರ್ ಹಾಕುತ್ತಿದ್ದರು. ತಲೆ ಎತ್ತದೆ ಹೇಳಿದರು. ಆ ಗಿರಣಿಯ ಊರಿನಲ್ಲಿ ಬಸ್ಸಿನಲ್ಲಿ ಇವರ ಪಕ್ಕ ಯಾರೂ ಕುಳಿತುಕೊಳ್ಳುತ್ತಿರಲಿಲ್ಲವಂತೆ. ಬಾಡಿಗೆಗೆ ಕೋಣೆ ಕೇಳಿದರೆ ಬಾಗಿಲು ಮುಚ್ಚುತ್ತಿದ್ದರಂತೆ. ಜನ ಸಾಲದೆ ಒಂದು ಶನಿವಾರ ಇವರನ್ನು ಗಿರಣಿಯ ಎರಡನೆಯ ತಂಡಕ್ಕೆ ಹಾಕಿಕೊಂಡರು. ಎದುರಾಳಿಯ ಊರಿನಲ್ಲಿ ಆಟ. ಇವರು ಮೂಲೆಯಲ್ಲಿ ಬಿದ್ದು ಚೆಂಡು ಒತ್ತಿದಾಗ ಇಡೀ ಮೈದಾನ ಸುಳ್ಳು, ಸುಳ್ಳು ಎಂದು ಬೊಬ್ಬೆ ಹಾಕಿತು. ರೆಫರಿ ಆ ಊರಿನವನೇ, ಕಲ್ಲಿದ್ದಲ ಗಣಿಯ ಕೆಲಸಗಾರ. ಅವನು ಇವರ ಹತ್ತಿರ ಬಂದು, ನೀನು ಮುಟ್ಟಿದ್ದೀ, ನಾನು ನೋಡಿದ್ದೇನೆ ಎಂದು ಗಟ್ಟಿಯಾಗಿ ಹೇಳಿ ಟ್ರೈ ಕೊಟ್ಟ. ಅವನ ಮೇಲೆ ಜನ ಉಗಿದರು.

"ನನ್ನ ಮಾತು ಸತ್ಯ ಅಂತ ಆ ದೇಶದಲ್ಲಿ ಒಬ್ಬ ಹೇಳಿದ್ದು ಅದೇ ಮೊದಲು" ಎಂದರು ಸಾಹೇಬರು. "ನಾನು ಚೆಂಡು ತಂದದ್ದಲ್ಲ ಮಾರಾಯ, ಆ ಸೀಟಿ ತಂದದ್ದು. ಅದನ್ನೇ ಸುಳ್ಳು ಊದಿದ ಮೇಲೆ ಇಂಡಿಯಾ ಅಂತ ಬರೆದು ಎಂತಕ್ಕೆ?"

ಅವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಿದ್ದರು.

ಆದರೆ ಕಾರ್ಕಳವನ್ನು ಹಿಂದೆ ತರಲು ಅವರು ಪಟ್ಟ ಪಾಡು ನಾನು ಕಣ್ಣಾರೆ ಕಂಡದ್ದು. ಕಂಡಕ್ಟರನೊಡನೆ ಮಾತಾಡಲೆಂದು ಕಟಪಾಡಿಯಲ್ಲಿ ಅವನದೇ ಬಸ್ಸು ಹತ್ತುತ್ತಿದ್ದರು. ಅವನು ಎಲ್ಲರಿಗೂ ಟಿಕೆಟ್ ಹರಿದು ಕೊಟ್ಟು, ಇವರ ಸೀಟಿನ ಬಳಿ ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಮುಂದೆ ಹೋಗುತ್ತಿದ್ದ. ಸಾಹೇಬರು ಹಣ ಚಾಚಿದರೆ "ನಿಮ್ಮ ಹತ್ರ ನನಗೆ ಎಂತ ವ್ಯವಹಾರವೂ ಇಲ್ಲ" ಎನ್ನುತ್ತಿದ್ದ. ಟಿಕೆಟ್ ಇಲ್ಲದೆ ಕುಳಿತು ಹೋಗುವುದು ಸಾಹೇಬರಿಂದ ಸಾಧ್ಯವೇ? ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದರು. ಬಿಸಿಲಿನಲ್ಲಿ ನಿಂತು ಬೇರೆ ಬಸ್ಸು ಹಿಡಿದು ಕಾರ್ಕಳಕ್ಕೆ ಬಂದರೆ ಆಟಗಾರರ ಮನೆಗಳಲ್ಲಿ "ಅವ ಬಂದ್ರೆ ನಾವು ಬರ್ತೇವೆ" ಎಂಬ ಒಂದೇ ಮಾತು. ಇಬ್ಬರದ್ದೂ ಹಟ. ನಾನು ಕಂಡಕ್ಟರನಿಗೆ ನಿಯಮ ವಿವರಿಸಲು ಹೋದರೆ, "ನೀನು ಬ್ಯಾಂಕಿನವ, ನಿನಗೆ ನಿಯಮ ಬೇಕು. ನನ್ನ ಅಮ್ಮನ ಎದುರು ನನ್ನನ್ನು ಸುಳ್ಳ ಮಾಡಿದ್ದಾರೆ" ಎಂದು ಬಾಯಿ ಮುಚ್ಚಿಸಿದ.

ಆಮೇಲಿನದ್ದು ಹೇಳುವಂಥದ್ದೇನೂ ಅಲ್ಲ. ಎಂಬತ್ತರ ದಶಕ ಬಂತು. ಕಾಪುವಿನ ಹುಡುಗರಿಗೆ ಗಲ್ಫಿನ ವೀಸಾ ಬರತೊಡಗಿತು. ದುಬೈಗೆ ಒಬ್ಬ, ದಮಾಮಿಗೆ ಇಬ್ಬರು. ವಿದಾಯಕ್ಕೆ ಹೋದ ಸಾಹೇಬರು ಅಲ್ಲಿ ಮೈದಾನ ಉಂಟಾ ನೋಡು ಎಂದು ಅವರಿಗೆ ಹೇಳಿ ಬರುತ್ತಿದ್ದರು. ಮಣಿಪಾಲದ ಹುಡುಗರು ಡಾಕ್ಟರಾಗಿ ತಮ್ಮ ದೇಶಕ್ಕೆ ಹೋದರು, ಹೊಸಬರಿಗೆ ಕ್ರಿಕೆಟ್ ಒಂದಿದ್ದರೆ ಸಾಕಿತ್ತು. ಉಡುಪಿಯ ಬ್ಯಾಂಕಿನವರಿಗೆ ವರ್ಗವಾಯಿತು. ನನಗೂ ಆಯಿತು, ಶಿವಮೊಗ್ಗಕ್ಕೆ. ರಜೆಯಲ್ಲಿ ಬಂದಾಗ ಕಟಪಾಡಿಯಲ್ಲಿ ಇಳಿದರೆ ಸಾಹೇಬರು ಮೊದಲು ಕೇಳುತ್ತಿದ್ದದ್ದು, ಶಿವಮೊಗ್ಗದಲ್ಲಿ ಹದಿಮೂರು ಜನ ಸಿಗುತ್ತಾರೆಯೇ ಎಂದು. ಸಿಗುತ್ತಾರೆ, ನೋಡುತ್ತೇನೆ ಎಂದು ಹೇಳಿ ಬರುತ್ತಿದ್ದೆ. ಹಾಗೆ ಹೇಳಿ ಬಸ್ಸು ಹತ್ತಿದ ಮೇಲೆ ಬಹಳ ಸಂಕಟವಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯ ಕಡೆ ಸಾಹೇಬರನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಶ್ವಾಸಕೋಶದ ಕಾಯಿಲೆ, ಗಿರಣಿಯ ಉಣ್ಣೆಯ ಧೂಳು ಎಂದರು. ನಾನು ಹೋದಾಗ ಆ ಗಟ್ಟಿ ಮನುಷ್ಯ ಹಾಸಿಗೆಯಲ್ಲಿ ಇದ್ದಾರೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದರು. ನೋಡಿ ನನಗೆ ಅಳು ಬಂತು, ಅತ್ತೆ. ಹೊರಗೆ ಬಂದವನು ಸೀದಾ ಉಡುಪಿಯ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನಿಗಾಗಿ ಕಾದೆ. ಅವನ ತಲೆಯಲ್ಲಿ ನರೆ ಬಂದಿತ್ತು. ವಿಷಯ ಹೇಳಿದೆ. ಅವನು ಚೀಲವನ್ನೂ ಟಿಕೆಟ್ ಪುಸ್ತಕವನ್ನೂ ಡ್ರೈವರನ ಕೈಗೆ ಕೊಟ್ಟು, "ನಡಿ" ಎಂದ.

ವಾರ್ಡಿನಲ್ಲಿ ಅವನು ಮಂಚದ ಕಾಲ ಬದಿಯಲ್ಲಿ ನಿಂತ. ಕುಶಲ ಕೇಳಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದು ಮೊದಲು ಹೊರಗೆ ಬಂತು.

"ಸಾಹೇಬ್ರೆ, ಅವತ್ತು ನನ್ನ ಕೈ ಗೆರೆ ಮುಟ್ಟಿತ್ತು."

"ಮುಟ್ಟಿತ್ತು" ಎಂದರು ಸಾಹೇಬರು. "ನಾನು ನೋಡಿದ್ದೆ. ಆದರೆ ಅದಕ್ಕೆ ಮೊದಲೇ ನೀನು ಬಿದ್ದಾಗಿತ್ತು. ಬಿದ್ದ ಮೇಲೆ ಚಾಚಬಾರದು, ಅದು ನಿಯಮ."

"ನಿಯಮ ಇರಲಿ. ಮುಟ್ಟಿತ್ತು ಅಂತ ಆ ಒಂದು ಮಾತು ಅವತ್ತು ಹೇಳಿದ್ರೆ ಸಾಕಿತ್ತು. ನಾನು ಸುಳ್ಳ ಅಂತ ಇಡೀ ಊರು ನಗಾಡಿತು. ಅಷ್ಟು ಹೇಳಿದ್ರೆ ಮುಂದಿನ ಆದಿತ್ಯವಾರವೇ ಎಲ್ಲರನ್ನೂ ಕರ್ಕೊಂಡು ಬರ್ತಿದ್ದೆ ನಾನು."

ಸಾಹೇಬರ ಕಣ್ಣಿನ ತುದಿಯಿಂದ ನೀರು ಇಳಿದು ದಿಂಬಿಗೆ ಹೋಯಿತು. ಒರೆಸಿಕೊಳ್ಳಲು ಕೈ ಎತ್ತುವ ಶಕ್ತಿ ಇರಲಿಲ್ಲ, ಕಂಡಕ್ಟರನೇ ಒರೆಸಿದ.

"ಹೌದಲ್ಲ ಮಗಾ" ಎಂದರು. "ಅದು ನನಗೆ ಹೊಳೆಯಲೇ ಇಲ್ಲ."

ಕಂಡಕ್ಟರ್ ಮಂಚದ ಅಂಚಿನಲ್ಲಿ ಕುಳಿತು ಅವರ ಕೈ ಹಿಡಿದುಕೊಂಡ. ಅವನ ದನಿಯಲ್ಲಿ ಹಳೆಯ ಹುಮ್ಮಸ್ಸು ಬಂತು. "ಈಗ ಎಂತ ಆಯ್ತು? ನಮ್ಮವರೆಲ್ಲ ಕಾರ್ಕಳದಲ್ಲೇ ಇದ್ದಾರೆ, ಹೊಟ್ಟೆ ಬಂದಿದೆ ಅಷ್ಟೇ. ಮುಂದಿನ ಆದಿತ್ಯವಾರ ಹದಿಮೂರು ಜನರನ್ನೂ ಇಳಿಸ್ತೇನೆ. ನೀವು ಬೇಗ ಎದ್ದು ಬನ್ನಿ ಸಾಹೇಬ್ರೆ."

ಸಾಹೇಬರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಅವರು ನಿಧಾನವಾಗಿ, ಉಸಿರು ಹಿಡಿದು ಹಿಡಿದು ಕೇಳಿದರು. "ಯಾರೊಟ್ಟಿಗೆ ಆಡ್ತೀರಿ ಮಾರಾಯ?"

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಾಪು, ಉಡುಪಿ, ಮಣಿಪಾಲ ಎಂದು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಹುಡುಕಿದೆ. ಯಾರೂ ಇರಲಿಲ್ಲ.